ಭದ್ರಾ ಕಾಡಿಗೆ ಮಕ್ಕಳ ಜೊತೆ ಬರುವವರಿಗೆ

ಅಕ್ಕಾ, ಹಾಸನದಿಂದ ಮಕ್ಕಳನ್ನು ಕರೆದುಕೊಂಡು ಭದ್ರಾಕ್ಕೆ ಬರಬೇಕು, ಹುಲಿ ಸಿಗದಿದ್ದರೂ ಸರಿ, ನಮ್ಮ ಕಡೆಯ ಅಪರೂಪದ ಹಕ್ಕಿ, ಪ್ರಾಣಿ ತೋರಿಸಬೇಕು ಅಂತ ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತು.

ಮೊದಲು ಯಾವ ಕಡೆ ಹೋಗುವುದು ಅಂತ ನೋಡಿಕೊಳ್ಳಿ. ಚಿಕ್ಕಮಗಳೂರಿಂದ ಮಲ್ಲಂದೂರು ಮೇಲೆ ಮುತ್ತೋಡಿಗೆ ಹೋದರೆ ದಟ್ಟ ಕಾಡು. ತರೀಕೆರೆ ಮೇಲೆ ಲಕ್ಕವಳ್ಳಿಗೆ ಹೋದರೆ ಭದ್ರಾ ಡ್ಯಾಮಿನ ಹಿನ್ನೀರು. ಒಂದೇ ದಿನದಲ್ಲಿ ಎರಡೂ ಬೇಡ, ಮಕ್ಕಳು ಸುಸ್ತಾಗುತ್ತಾರೆ.

ಬೇಸಿಗೆ ರಜೆ ಅಂದರೆ ನಾನು ಲಕ್ಕವಳ್ಳಿಯನ್ನೇ ಹೇಳುತ್ತೇನೆ. ಅಲ್ಲಿ ರಿವರ್ ಟರ್ನ್ ಅನ್ನೋ ನೀರುಹಕ್ಕಿ ಗೂಡು ಮಾಡುವ ಕಾಲ ಅದು. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ಗೂಡು ಅಂದರೆ ಕಡ್ಡಿ, ಹುಲ್ಲು ಏನೂ ಇಲ್ಲ, ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಎರಡು ಮೂರು ಮೊಟ್ಟೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ನಾಲೆಗೆ ನೀರು ಬಿಟ್ಟ ಹಾಗೆ ಹಿನ್ನೀರು ಇಳಿದು ಸಣ್ಣ ನಡುಗಡ್ಡೆಗಳು ಮೇಲೆ ಬರುತ್ತವೆ. ಆ ಹಕ್ಕಿಗಳಿಗೆ ಬೇಕಾದ್ದು ಆ ಜಾಗ. ಹಾಗಾಗಿ ಹೊರಡುವ ಮೊದಲು ಪೇಪರಿನಲ್ಲಿ ಡ್ಯಾಂ ಮಟ್ಟ ನೋಡಿ. ನೀರು ಇನ್ನೂ ತುಂಬಾ ಇದ್ದರೆ ಸ್ವಲ್ಪ ದಿನ ತಡೆಯಿರಿ. ಬೋಟಿನವರಿಗೆ ನಡುಗಡ್ಡೆ ಹತ್ತಿರ ಒಯ್ಯಿ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ತಾಯಿ ಎದ್ದು ಹಾರಿದರೆ ಆ ಬಿಸಿಲಿಗೆ ಮೊಟ್ಟೆ ಹಾಳಾಗುತ್ತದೆ.

ಮುತ್ತೋಡಿಯಲ್ಲಿ ಕೆಂದಳಿಲು ನೋಡದೆ ಬರಬೇಡಿ. ಮರದ ತುದಿಯಲ್ಲಿ ಕಟಕಟ ಅಂತ ಶಬ್ದ ಬಂದರೆ ಅಲ್ಲೇ ಹುಡುಕಿ, ಮೊದಲು ಕಾಣುವುದು ಕೆಳಗೆ ತೂಗುವ ಉದ್ದ ಬಾಲ. ಹಣ್ಣು ಬಿಟ್ಟ ಅತ್ತಿ, ಬಸರಿ ಮರ ಸಿಕ್ಕಿದರೆ ಗಾಡಿ ನಿಲ್ಲಿಸಲು ಹೇಳಿ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಅಲ್ಲಿಗೇ ಬರುತ್ತದೆ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹಣ್ಣು ತಂದು ಅದರಲ್ಲೇ ತಿನ್ನಿಸುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಆಮೇಲೆ ಅವರೇ ಪೊಟರೆ ಹುಡುಕುತ್ತಾರೆ. ಕಾಟಿ, ಕಡವೆ ದಾರಿಯಲ್ಲಿ ಸಿಗಬಹುದು. ಕಾಡುಪಾಪ ರಾತ್ರಿ ಓಡಾಡುವ ಪ್ರಾಣಿ, ಸಫಾರಿಯಲ್ಲಿ ಅದರ ಆಸೆ ಇಟ್ಟುಕೊಳ್ಳಬೇಡಿ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂದುಕೊಂಡು ಅವು ಮರಿಗೆ ಗುಟುಕು ಕೊಡುವುದು ಬಿಟ್ಟು ಸುಮ್ನೆ ಒದ್ದಾಡುತ್ತವೆ.

ಇನ್ನೊಂದು ಮುಖ್ಯ ವಿಷಯ, ರಕ್ತ ಹೀರುವ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಅದು ಕಚ್ಚಿಯೇ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಜಾಸ್ತಿ ಕಾಣುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ನೀವು ಬರುವ ಸಮಯವೇ. ಮಕ್ಕಳಿಗೆ ತುಂಬು ತೋಳು, ಉದ್ದ ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ತರಗೆಲೆ ಮೇಲೆ ಕೂರಿಸಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು ನೋಡಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ಬೆಳಗಿನ ಸಫಾರಿಯನ್ನೇ ಮೊದಲೇ ಬುಕ್ ಮಾಡಿ. ದುರ್ಬೀನು ಒಂದೇ ಇದ್ದರೆ ಅದು ಮಕ್ಕಳ ಕೈಯಲ್ಲಿರಲಿ.