ಅಪ್ಪನ ಕಷ್ಟದ ದಿನಗಳನ್ನು ಸಭೆಯಲ್ಲಿ ಹೇಳಬಹುದಾ?

ಡೊಂಬಿವಲಿಯ ತಂಗಿಗೆ,

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಬರುವ ಭಾನುವಾರ ಮಾಟುಂಗಾದಲ್ಲಿ ನಿಮ್ಮ ತಂದೆಯ ಶ್ರದ್ಧಾಂಜಲಿ ಸಭೆ. ಮಾತಾಡಬೇಕಾದವರು ನೀವು. ಅಪ್ಪ ಊರಿಂದ ಮುಂಬೈಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ವಕೀಲರಾದದ್ದನ್ನೂ, ನಿವೃತ್ತಿಯ ನಂತರ ಪಾರ್ಶ್ವವಾಯು ಬಡಿದದ್ದನ್ನೂ ಎತ್ತಬೇಡ, ಬೀಗರೆಲ್ಲ ಬರುತ್ತಾರೆ, ಪೂಜೆ ಮತ್ತು ಸೇವೆಯ ಬಗ್ಗೆ ನಾಲ್ಕು ಮಾತಾಡಿದರೆ ಸಾಕು ಅಂತ ಅಣ್ಣ ಹಟ ಹಿಡಿದಿದ್ದಾರೆ.

ಹೇಳಿ ತಂಗಿ. ಮುಚ್ಚಿಡಬೇಡಿ.

1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಅವರು ಇದ್ದ ಚಾಳಿನ, ಅಂದರೆ ಸಾಲು ಖೋಲಿಗಳ ವಠಾರದ, ಬಾಡಿಗೆಗೆ ದುಡ್ಡೆಲ್ಲಿ? ಆಗಿದ್ದ 1947ರ ಬಾಡಿಗೆ ಕಾಯ್ದೆಯಲ್ಲಿ ಆರು ತಿಂಗಳ ಬಾಕಿ ಉಳಿದು, ನೋಟಿಸ್ ಬಂದ ಒಂದು ತಿಂಗಳೊಳಗೆ ಕಟ್ಟದಿದ್ದರೆ ಮನೆ ಕೈತಪ್ಪುವ ಭಯ ಇತ್ತು. ಅಂಥವರ ನೋಟಿಸ್ ಹಿಡಿದು ನಿಮ್ಮ ತಂದೆ ಫೀಸಿಲ್ಲದೆ ಬಾಡಿಗೆ ತಕರಾರು ನಡೆಯುವ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿಗೆ ಓಡಾಡಿದರು ಅಂತ ನೀವೇ ಬರೆದಿದ್ದೀರಿ. ತಲೆ ಮೇಲೆ ಸೂರಿಲ್ಲದೆ ಹೋಟೆಲಿನ ಬೆಂಚಿನ ಮೇಲೆ ಮಲಗಿ ಬೆಳೆದವರು ಅಲ್ವಾ ಅವರು! ಆ ಬೆಂಚನ್ನು ಬಿಟ್ಟು ಸೇವೆ ಒಂದನ್ನೇ ಹೇಳಿದರೆ, ಅವರು ಯಾಕೆ ಹಾಗೆ ಓಡಾಡಿದರು ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ.

ಇನ್ನು ಆ ಡೈರಿ. ಬಲಗೈ ಸ್ವಾಧೀನ ತಪ್ಪಿದ ಮೇಲೆ ಹಳೆಯ ಕೋರ್ಟ್ ಡೈರಿಯ ಖಾಲಿ ಹಾಳೆಗಳಲ್ಲಿ ಎಡಗೈಯಿಂದ ರಾಮನಾಮ ಬರೆಯಲು ಕೂತರಲ್ಲ, ಅದನ್ನು ಓದುವಾಗ ನನ್ನ ಕಣ್ಣು ತುಂಬಿತು. ಮೊದಲ ದಿನ ಒಂದೇ ಒಂದು ‘ರಾ’, ಅದೂ ಗೆರೆ ದಾಟಿ ಸೊಟ್ಟಗೆ. ವರ್ಷ ತುಂಬುವುದರೊಳಗೆ ದಿನಕ್ಕೊಂದು ಪುಟ. ಕಾಯಿಲೆಯ ಸುದ್ದಿ ಬೇಡ ಅಂದರೆ ಈ ಪುಟಗಳನ್ನೂ ಬಿಡಬೇಕಾಗುತ್ತದೆ. ಆಮೇಲೆ ಅವರ ಭಕ್ತಿಯ ಬಗ್ಗೆ ಹೇಳಲು ಏನು ಉಳಿಯುತ್ತದೆ ಹೇಳಿ?

ಅಣ್ಣನ ಮೇಲೆ ಸಿಟ್ಟಾಗಬೇಡಿ. ಅಪ್ಪನನ್ನು ಯಾರೂ ‘ಅಯ್ಯೋ ಪಾಪ’ ಅನ್ನಬಾರದು ಅನ್ನುವ ಸಂಕಟ ಅವರಿಗೂ ಇರಬಹುದು. ಆಸ್ಪತ್ರೆ, ಹಾಸಿಗೆಯ ವಿವರಗಳನ್ನು ಬಿಡಿ, ಅಲ್ಲಿ ಅವರ ಮಾತು ಸರಿ. ಮೊದಲು ಅಮ್ಮನ ಹತ್ತಿರ ಕೂತು ಕೇಳಿ. ಆ ವರ್ಷಗಳನ್ನು ಅವರೂ ಜೊತೆಗೇ ಕಳೆದವರು, ಅವರು ಯಾವುದನ್ನಾದರೂ ಬೇಡ ಅಂದರೆ ಬೇಡ. ಉಳಿದದ್ದನ್ನು ಬರೆದು ಶನಿವಾರದೊಳಗೆ ಅಣ್ಣನಿಗೆ ಓದಿ ಹೇಳಿ, ಜೊತೆಗೆ ಆ ಡೈರಿಯನ್ನೂ ಅವರ ಕೈಗೆ ಕೊಡಿ. ಅವರು ಅದನ್ನು ಇನ್ನೂ ತೆರೆದು ನೋಡಿಲ್ಲ ಅಂತ ನನಗೆ ಅನ್ನಿಸುತ್ತದೆ.