ನಿಮ್ಮ ಲೇಖನ ಐದನೇ ಪುಟದಿಂದ ಶುರುವಾಗಲಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ಗೆದ್ದರೂ ಕಾಲು ಪಾಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುವ ಮನಸ್ಸಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: 2022ರಲ್ಲಿ ಕತಾರ್‌ನಲ್ಲಿ ನಡೆದ ಪುರುಷರ ಫುಟ್‌ಬಾಲ್ ವಿಶ್ವಕಪ್‌ಗೆ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ಇಟ್ಟ ಬಹುಮಾನದ ಮೊತ್ತ 44 ಕೋಟಿ ಡಾಲರ್. ಮರುವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದ ಮಹಿಳೆಯರ ವಿಶ್ವಕಪ್‌ಗೆ 11 ಕೋಟಿ. ನಾಲ್ಕರಲ್ಲಿ ಒಂದು ಪಾಲು, ಆದ್ದರಿಂದ ಅನ್ಯಾಯ. ಇದಾದ ಮೇಲೆ ಆದಾಯಕ್ಕೊಂದು ಭಾಗ, ವೀಕ್ಷಕರಿಗೊಂದು ಭಾಗ, ವೇಳಾಪಟ್ಟಿಗೊಂದು ಭಾಗ. (ಎರಡನೇ ಪುಟದಲ್ಲಿ 11 ಕೋಟಿ 1.1 ಕೋಟಿ ಆಗಿದೆ. ಮಿಲಿಯನ್ನನ್ನು ಕೋಟಿಗೆ ತರುವಾಗ ಪ್ರತಿ ಅಂಕಿಯನ್ನೂ ಪೆನ್ಸಿಲ್ ಹಿಡಿದು ಇನ್ನೊಮ್ಮೆ ನೋಡಿ. ಒಂದು ಕಡೆ ಲೆಕ್ಕ ತಪ್ಪಿದ್ದು ಕಂಡರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎದುರು ಕೂತವರು ಏನು ಹೇಳಬಹುದು ಎಂದು ನೀವು ಒಂದು ಸಲವೂ ಯೋಚಿಸಿದಂತಿಲ್ಲ. ಅವರು ಹೇಳುವುದು ಹೀಗೆ: 2023ರ ಮಹಿಳಾ ವಿಶ್ವಕಪ್‌ನಿಂದ 57 ಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತೆಂದು ಫಿಫಾ ಅಧ್ಯಕ್ಷ ಇನ್‌ಫಾಂಟಿನೊ ಅವರೇ ಹೇಳಿದ್ದಾರೆ. ಅದರಲ್ಲಿ 11 ಕೋಟಿ ಬಹುಮಾನ ಎಂದರೆ ಹೆಚ್ಚುಕಡಿಮೆ ಐದನೇ ಒಂದು ಪಾಲು. 2019ರಿಂದ 2022ರವರೆಗಿನ ನಾಲ್ಕು ವರ್ಷದಲ್ಲಿ ಫಿಫಾದ ಒಟ್ಟು ಆದಾಯ 750 ಕೋಟಿ ಡಾಲರ್ ದಾಟಿತ್ತು, ಅದರ ಮುಂದೆ 44 ಕೋಟಿ ನೂರಕ್ಕೆ ಆರರಷ್ಟೂ ಆಗುವುದಿಲ್ಲ. ‘ಗಳಿಕೆಯ ಪ್ರಮಾಣ ಹಿಡಿದರೆ ಹೆಂಗಸರಿಗೇ ಜಾಸ್ತಿ ಸಿಕ್ಕಿದೆಯಲ್ಲ’ ಎಂದು ಕೇಳಿದರೆ ನಿಮ್ಮ ಲೇಖನದಲ್ಲಿ ಉತ್ತರ ಇಲ್ಲ.

ಉತ್ತರ ಇಲ್ಲದೆ ಇಲ್ಲ. ಒಂದು ಕಡೆ ಒಂದೇ ಪಂದ್ಯಾವಳಿಯ ಹಣ, ಇನ್ನೊಂದು ಕಡೆ ನಾಲ್ಕು ವರ್ಷದ ಇಡೀ ಸಂಸ್ಥೆಯ ಹಣ, ಹೋಲಿಕೆಯೇ ಸರಿಯಲ್ಲ. ಆ ನಾಲ್ಕು ವರ್ಷದೊಳಗೆ 2019ರ ಮಹಿಳಾ ವಿಶ್ವಕಪ್‌ ಕೂಡ ಸೇರಿದೆ. ಅದಕ್ಕಿಂತ ಮುಖ್ಯವಾದದ್ದು ಪ್ರಸಾರ ಹಕ್ಕಿನ ಸಂಗತಿ, ಅದನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. 2019ರ ತನಕ ಮಹಿಳಾ ವಿಶ್ವಕಪ್‌ನ ಹಕ್ಕುಗಳು ಪುರುಷರ ಹಕ್ಕುಗಳ ಜೊತೆಗೇ ಒಂದೇ ಗಂಟಿನಲ್ಲಿ ಮಾರಾಟವಾಗುತ್ತಿದ್ದವು. ತರಕಾರಿ ಕೊಂಡವರ ಚೀಲಕ್ಕೆ ಮಾರುವವರು ಒಂದು ಎಸಳು ಕರಿಬೇವು ಕೊಸರು ಹಾಕುತ್ತಾರಲ್ಲ, ಹಾಗೆ. ಕೊಸರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ವರ್ಷಗಟ್ಟಲೆ ಕೊಸರಾಗಿ ಬಂದದ್ದಕ್ಕೆ 2023ರಲ್ಲಿ ಮೊದಲ ಸಲ ಬೇರೆ ಬೆಲೆ ಕೇಳಿದಾಗ ಟಿವಿ ಸಂಸ್ಥೆಗಳು ಕೈ ಹಿಂದೆಗೆದವು. ಪುರುಷರ ವಿಶ್ವಕಪ್‌ಗೆ 10ರಿಂದ 20 ಕೋಟಿ ಡಾಲರ್ ಕೊಡುವವರು ಇದಕ್ಕೆ 10 ಲಕ್ಷದಿಂದ 1 ಕೋಟಿ ಕೊಡುತ್ತೇವೆ ಅನ್ನುತ್ತಿದ್ದಾರೆ, ಆದರೆ ನೋಡುವವರ ಸಂಖ್ಯೆ ಪುರುಷರದ್ದರ ಶೇ. 50–60ರಷ್ಟಿದೆ ಎಂದು ಇನ್‌ಫಾಂಟಿನೊ ಆ ಮೇ ತಿಂಗಳಲ್ಲಿ ಸಿಟ್ಟಾದರು. ಯುರೋಪಿನ ಐದು ದೊಡ್ಡ ದೇಶಗಳಲ್ಲಿ ಪ್ರಸಾರವೇ ಇಲ್ಲದಂತೆ ಮಾಡುತ್ತೇವೆ ಎಂದೂ ಎಚ್ಚರಿಸಿದರು. ಜೂನ್‌ನಲ್ಲಿ, ಪಂದ್ಯಾವಳಿಗೆ ತಿಂಗಳೊಪ್ಪತ್ತು ಇರುವಾಗ, ಒಪ್ಪಂದವಾಯಿತು. ಸುಮಾರು ಅರ್ಧದಷ್ಟು ಜನ ನೋಡುವ ಆಟಕ್ಕೆ ಹತ್ತನೇ ಒಂದು ಪಾಲು ಬೆಲೆಯೂ ಬರುತ್ತಿಲ್ಲ ಎಂದರೆ ನಡುವೆ ಎಲ್ಲೋ ಸೋರುತ್ತಿದೆ. ನಿಮ್ಮ ಲೇಖನ ಹುಡುಕಬೇಕಾದದ್ದು ಆ ಸೋರುವ ಜಾಗವನ್ನು.

ಅಮೆರಿಕದ ಭಾಗದಲ್ಲಿ ನನಗೆ ಬೇಸರವಾಯಿತು. ಮಹಿಳಾ ತಂಡದ 28 ಆಟಗಾರ್ತಿಯರು ಸಮಾನ ವೇತನ ಕೇಳಿ 2019ರ ಮಾರ್ಚ್ 8ರಂದು ತಮ್ಮ ದೇಶದ ಫುಟ್‌ಬಾಲ್ ಫೆಡರೇಶನ್ ಮೇಲೆ ದಾವೆ ಹೂಡಿದ್ದನ್ನು ಬರೆದಿದ್ದೀರಿ. 2022ರಲ್ಲಿ 2.4 ಕೋಟಿ ಡಾಲರ್‌ಗೆ ರಾಜಿ ಆದದ್ದನ್ನೂ ಬರೆದಿದ್ದೀರಿ. ನಡುವೆ 2020ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಸಂಬಳದ ದೂರನ್ನು ತಳ್ಳಿಹಾಕಿದ್ದು ಎಲ್ಲಿ? ಆ ಅವಧಿಯಲ್ಲಿ ಮಹಿಳಾ ತಂಡಕ್ಕೆ ಒಟ್ಟಾರೆಯಾಗಿಯೂ ಪಂದ್ಯದ ಸರಾಸರಿಯಲ್ಲೂ ಹೆಚ್ಚು ಹಣ ಸಂದಿದೆ ಎಂದು ಅವರು ಹೇಳಿದ್ದರು. ನಿಮಗಿದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ನಿಮ್ಮ ವಾದಕ್ಕೆ ನೋವಾಗುತ್ತದೆ ಎಂದು ಬಿಟ್ಟಿರಿ. ಬಿಡಬೇಡಿ. ಆ ಆಟಗಾರ್ತಿಯರು ಹೆಚ್ಚು ಪಂದ್ಯ ಆಡಿದ್ದರು, ಹೆಚ್ಚು ಗೆದ್ದಿದ್ದರು; ಗಂಡಸರ ತಂಡದ್ದು ಬೇರೆ ಬಗೆಯ ಕರಾರು. ಇದನ್ನು ಬಿಡಿಸಿ ಹೇಳಿದರೆ ಆ ತೀರ್ಪೇ ನಿಮ್ಮ ಲೇಖನಕ್ಕೆ ಬಲ ಕೊಡುತ್ತದೆ.

ಹಾಗೆಯೇ, 2016–18ರಲ್ಲಿ ಮಹಿಳಾ ಪಂದ್ಯಗಳ ಟಿಕೆಟ್ ಗಳಿಕೆ 5.08 ಕೋಟಿ ಡಾಲರ್, ಪುರುಷರದ್ದು 4.99 ಕೋಟಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಅಂಕಿ ಸರಿಯಿದೆ. ಆದರೆ ಅದು ಮಹಿಳೆಯರು 2015ರ ವಿಶ್ವಕಪ್ ಗೆದ್ದ ಬೆನ್ನಿನ ಕಾಲ, ಪುರುಷರು 2018ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯದ ಕಾಲ. ಅದನ್ನೂ ಹೇಳಿ. ಬೇಕಿದ್ದರೆ ದಪ್ಪ ಅಕ್ಷರಕ್ಕೆ ಇದನ್ನು ತೆಗೆದುಕೊಳ್ಳಿ: 2019ರ ವಿಶ್ವಕಪ್ ಗೆದ್ದದ್ದಕ್ಕೆ ಅಮೆರಿಕದ ಮಹಿಳಾ ತಂಡದ ಬಹುಮಾನ 40 ಲಕ್ಷ ಡಾಲರ್, 2022ರಲ್ಲಿ ಹದಿನಾರು ತಂಡಗಳ ಘಟ್ಟದಲ್ಲೇ ಸೋತ ಅದೇ ದೇಶದ ಪುರುಷರ ತಂಡಕ್ಕೆ ಸಿಕ್ಕಿದ್ದು 1.3 ಕೋಟಿ. ಎರಡೂ ತಂಡಗಳು 2022ರಲ್ಲಿ ಫೆಡರೇಶನ್ ಜೊತೆ ಮಾಡಿಕೊಂಡ ಹೊಸ ಒಪ್ಪಂದದಂತೆ ಪುರುಷರು ಗೆದ್ದ ಆ ಹಣವನ್ನು ಎರಡೂ ತಂಡ ಸಮನಾಗಿ ಹಂಚಿಕೊಂಡವು. ಇಷ್ಟು ಮೈ ಜುಮ್ಮೆನ್ನಿಸುವ ಸಂಗತಿ ನಿಮ್ಮಲ್ಲಿ ಎಲ್ಲೂ ಇಲ್ಲ.

ಈಗ ವೇಳಾಪಟ್ಟಿ. ಇದನ್ನು ಕೊನೆಯಲ್ಲಿ ನಾಲ್ಕು ಸಾಲಿಗೆ ಮುಗಿಸಿದ್ದೀರಿ, ನನ್ನ ಮಟ್ಟಿಗೆ ಎಲ್ಲ ಶುರುವಾಗುವುದೇ ಇಲ್ಲಿ. 2019ರ ಜುಲೈ 7, ಭಾನುವಾರ. ಫ್ರಾನ್ಸ್‌ನ ಲಿಯೋನ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್, ಅಮೆರಿಕ–ನೆದರ್‌ಲೆಂಡ್ಸ್. ಅದೇ ದಿನ ರಿಯೊದಲ್ಲಿ ದಕ್ಷಿಣ ಅಮೆರಿಕ ಖಂಡದ ಪುರುಷರ ಪಂದ್ಯಾವಳಿ ಕೋಪಾ ಅಮೆರಿಕದ ಫೈನಲ್. ಅದೇ ದಿನ ಶಿಕಾಗೊದಲ್ಲಿ ಉತ್ತರ ಅಮೆರಿಕ ಖಂಡದ ಪುರುಷರ ಪಂದ್ಯಾವಳಿ ಗೋಲ್ಡ್ ಕಪ್‌ನ ಫೈನಲ್, ಅದರಲ್ಲೂ ಅಮೆರಿಕವೇ ಆಡುತ್ತಿತ್ತು. ಪುರುಷರ ವಿಶ್ವಕಪ್ ಫೈನಲ್ ದಿನ ಇನ್ನೆರಡು ಖಂಡಗಳ ಫೈನಲ್ ಇಡಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ಅಮೆರಿಕ ಮಹಿಳಾ ತಂಡದ ಮೇಗನ್ ರಪಿನೊ ಇದನ್ನು ಆಗಲೇ ಎಲ್ಲರೆದುರು ಟೀಕಿಸಿದರು. ಮರುದಿನದ ಕ್ರೀಡಾಪುಟದಲ್ಲಿ ಜಾಗ ಮೂರು ಪಾಲಾದರೆ ಜಾಹೀರಾತುದಾರರ ಗಮನವೂ ಮೂರು ಪಾಲು. ಕಡಿಮೆ ಜನ ನೋಡಿದರು ಎಂದು ಆಮೇಲೆ ಬೆಲೆ ಇಳಿಸುವುದು ಸುಲಭ.

ಆದರೆ 2023ರ ಸಿಡ್ನಿ ಫೈನಲ್ಲನ್ನೂ ಇದೇ ಸಾಲಿಗೆ ಸೇರಿಸಿದ್ದು ತಪ್ಪು. ಸಿಡ್ನಿಯ ರಾತ್ರಿ 8 ಗಂಟೆ ಇಂಗ್ಲೆಂಡಿನ ಬೆಳಿಗ್ಗೆ 11 ಆಗುವುದು ಭೂಗೋಳ, ಅದು ಯಾರ ತೀರ್ಮಾನವೂ ಅಲ್ಲ. ಹಾಗಿದ್ದೂ ಅಂದು ಕ್ರೀಡಾಂಗಣದಲ್ಲಿ 75,784 ಜನ ಇದ್ದರು.

ಸಿಡ್ನಿ ಅಂದಾಗ ನೆನಪಾಯಿತು, ನಿಮ್ಮ ಐದನೇ ಪುಟ. ಕತಾರ್ ಫೈನಲ್ ದಿನ ರಾತ್ರಿ ಎಂಟೂವರೆಗೆ ಹಾಸ್ಟೆಲ್ಲಿನ ಟಿವಿ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದೆ ನೀವು ಬಕೆಟ್ ಬೋರಲು ಹಾಕಿ ಕೂತದ್ದು. ಎಂಟು ತಿಂಗಳ ಮೇಲೆ ಇನ್ನೊಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ, ಊಟ ಮುಗಿಸಿ ಎಲ್ಲರೂ ಮಲಗಿರುವಾಗ, ಅದೇ ಕೋಣೆಯ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಸ್ಪೇನಿನ ಓಲ್ಗಾ ಕಾರ್ಮೊನಾ ಗೋಲು ಹೊಡೆದದ್ದನ್ನು ಒಬ್ಬರೇ ನೋಡಿದ್ದು. ಕೂಗಬೇಕೆನಿಸಿ ಬಾಯಿಗೆ ಕೈ ಅಡ್ಡ ಹಿಡಿದದ್ದು. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ. ಇದನ್ನು ಮೊದಲ ಪುಟಕ್ಕೆ ತನ್ನಿ. ಆ ಬೀಗ ಹಾಕಿದ್ದು ಯಾರು, ಯಾಕೆ ಎಂದು ಕೇಳುತ್ತಾ ಲಿಯೋನ್‌ಗೆ, ಅಲ್ಲಿಂದ ಪ್ರಸಾರ ಹಕ್ಕಿಗೆ, ಕೊನೆಗೆ ಬಹುಮಾನದ ಹಣಕ್ಕೆ ಹೋಗಿ.

ಕೊನೆಯ ಪುಟದ ‘ಮಹಿಳೆ ಅಬಲೆಯಲ್ಲ’ ಪ್ಯಾರಾ ಪೂರ್ತಿ ತೆಗೆಯಿರಿ. ‘ಸಾಕರ್’ ಎಂದಿರುವಲ್ಲೆಲ್ಲ ‘ಫುಟ್‌ಬಾಲ್’ ಮಾಡಿ. 1,200 ಪದ ದಾಟದಿರಲಿ, ತಿಂಗಳ ಕೊನೆಯೊಳಗೆ ಕಳಿಸಿ. ಮೆಟ್ಟಿಲಿನ ಪ್ಯಾರಾದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ವಿಶ್ವಾಸದಿಂದ,
ಸಂಪಾದಕ