ಆತಂಕ ಹೋದ್ರೆ ಟಿಕ್ ಹೋಗುತ್ತಾ?

ದೊಡ್ಡವರ ಟಿಕ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಮಾತು ಮಾತ್ರ ಬೇರೆ ಬೇರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಟಿಕ್ ಅಂದರೆ ಬೇಡವೆಂದರೂ ಮತ್ತೆ ಮತ್ತೆ ಬರುವ ದಿಢೀರ್ ಚಲನೆ ಅಥವಾ ಸದ್ದು, ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಕೇಳಿದವರೆಲ್ಲ ವರ್ಷಗಟ್ಟಲೆ ಅದರ ಜೊತೆಗೇ ಬದುಕಿದವರು.

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಏಳನೇ ವಯಸ್ಸಿನಿಂದ ಟಿಕ್ ಇದೆ. ಕಾಲೇಜಿನ ಹೊತ್ತಿಗೆ ಬಹಳ ಕಡಿಮೆಯಾಗಿತ್ತು. ಈಗ ಕೆಲಸದಲ್ಲಿ ಟೆನ್ಶನ್ ಜಾಸ್ತಿಯಾಗಿ ಕತ್ತು ಕೊಡವುವುದು ಮತ್ತೆ ಶುರುವಾಗಿದೆ. ಮೀಟಿಂಗಿನಲ್ಲಿ ಹೇಗೋ ತಡೆದುಕೊಳ್ಳುತ್ತೇನೆ. ಮನೆಗೆ ಬಂದರೆ ಒಂದೇ ಸಮನೆ ಬರುತ್ತದೆ. ಎಲ್ಲರೂ ಇದು ಆತಂಕ ಅಷ್ಟೇ ಅನ್ನುತ್ತಾರೆ. ಆತಂಕ ಹೋದರೆ ಟಿಕ್ ಹೋಗುತ್ತಾ?

ಉತ್ತರ: ‘ಆತಂಕ ಅಷ್ಟೇ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದರಿಂದ ನಿಮ್ಮ ತಲೆಗೆ ಇನ್ನೊಂದು ಹೊರೆ ಬೀಳುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಟಿಕ್ ಬರುತ್ತಲೇ ಇರಲಿಲ್ಲ ಅಂತ. ಹಾಗಲ್ಲ. ಟಿಕ್ ಹುಟ್ಟುವುದು ಮೆದುಳಿನ ಹೊರಪದರ ಮತ್ತು ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ನಡುವಿನ ಜಾಲದಲ್ಲಿ. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡಿಕೊಳ್ಳುವ ಜಾಲ ಅದು. ನಿಮ್ಮಲ್ಲಿ ಆ ತಡೆ ಸ್ವಲ್ಪ ಸಡಿಲ. ಏಳನೇ ವಯಸ್ಸಿನಲ್ಲಿ ನಿಮಗೆ ಯಾವ ಆಫೀಸಿನ ಟೆನ್ಶನ್ ಇತ್ತು ಹೇಳಿ? ಟಿಕ್ ಶುರುವಾಗುವುದೇ ಸಾಮಾನ್ಯವಾಗಿ ಆ ಆಸುಪಾಸಿನಲ್ಲಿ. 10ರಿಂದ 12ರ ವಯಸ್ಸಿಗೆ ಜೋರಾಗಿ, ಆಮೇಲೆ ಬಹಳ ಜನರಲ್ಲಿ ತಗ್ಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ನೀವು ಆ ಕೆಲವರಲ್ಲಿ ಒಬ್ಬರು.

ಹಾಗಾದರೆ ಆತಂಕದ ಪಾಲು ಏನೂ ಇಲ್ವಾ? ಖಂಡಿತ ಇದೆ. ಇರುವ ಟಿಕ್ ಅನ್ನು ಅದು ಏರಿಸುತ್ತದೆ. ಖುಷಿಯ ಗಡಿಬಿಡಿ, ಆಯಾಸ, ನಿದ್ದೆಗೆಡುವುದು ಕೂಡ ಇದನ್ನೇ ಮಾಡುತ್ತವೆ. ಆದರೆ ಆತಂಕಕ್ಕೆ ಇನ್ನೊಂದು ಕೆಟ್ಟ ಗುಣ ಇದೆ. ಅದು ನಿಮ್ಮ ಗಮನವನ್ನು ನಿಮ್ಮ ಕತ್ತಿನ ಮೇಲೇ ತಂದು ಕೂರಿಸುತ್ತದೆ. ‘ಈಗ ಬಂದರೆ? ಅವರು ನೋಡಿಬಿಟ್ಟರೆ?’ ಅಂತ ಕಾಯುತ್ತಾ ಕೂತರೆ, ಟಿಕ್‌ಗೆ ಮುಂಚೆ ಬರುವ ಆ ತುಡಿತ, ಬಿಗಿತ, ಒಳಗಿನ ಕಡಿತದಂಥ ಅನುಭವ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಟಿಕ್ ಬರುತ್ತದೆ, ನಾಚಿಕೆಯಾಗುತ್ತದೆ. ಮುಂದಿನ ಮೀಟಿಂಗಿಗೆ ಹೋಗುವಾಗ ಭಯ ಮೊದಲೇ ಜೊತೆಯಲ್ಲಿರುತ್ತದೆ.

ಕೈಗಡಿಯಾರ ರಿಪೇರಿ ಮಾಡುವ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಒಂದು ಸಲ ಅವರು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಕಣ್ಣಿಗೆ ಭೂತಗನ್ನಡಿ, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪು. ಹತ್ತು ನಿಮಿಷ ಕತ್ತು ಕದಲಲಿಲ್ಲ. ಚಿಮಟ ಕೆಳಗಿಟ್ಟು, ‘ನೋಡ್ತಾ ಇದೀರಾ ಡಾಕ್ಟರೇ’ ಅಂತ ನನ್ನ ಕಡೆ ತಿರುಗಿದ ಕೂಡಲೇ ಕತ್ತು ಮೂರು ಸಲ ಪಟಪಟ ಎಗರಿತು. ಬೆರಳಿನ ಕೆಲಸ ಗಮನವನ್ನು ಹೊರಗೆ ಹಿಡಿದಿತ್ತು. ನನ್ನ ನೋಟ ಅದನ್ನು ಒಳಗೆ ಎಳೆಯಿತು.

ಇನ್ನು ನಿಮ್ಮ ಸಂಜೆಯ ವಿಷಯ. ತಡೆದರೆ ಒಳಗೆ ಸೇರಿಕೊಂಡು ಆಮೇಲೆ ಎರಡು ಪಟ್ಟಾಗಿ ಹೊರಗೆ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಪರೀಕ್ಷೆ ಮಾಡಿ ನೋಡಿದಾಗ ಅದು ನಿಜ ಅಂತ ಕಂಡುಬಂದಿಲ್ಲ. ನೀವು ದಣಿದಿರುತ್ತೀರಿ, ಮನೆಯಲ್ಲಿ ಮರೆಮಾಚುವ ಅಗತ್ಯ ಇರುವುದಿಲ್ಲ, ಅದಕ್ಕೆ ಬರುತ್ತದೆ. ಬರಲಿ ಬಿಡಿ. ಆದರೆ ದಿನವಿಡೀ ತಡೆಯುವುದೇ ಕೆಲಸವಾದರೆ, ಮೀಟಿಂಗಿನಲ್ಲಿ ಏನು ಮಾತಾಡಿದರು ಅಂತಲೇ ನಿಮಗೆ ತಿಳಿದಿರುವುದಿಲ್ಲ. ಆ ನಷ್ಟ ದೊಡ್ಡದು.

ನನ್ನ ಸಲಹೆ ಇಷ್ಟು. ಟಿಕ್‌ಗೆ ವರ್ತನಾ ಚಿಕಿತ್ಸೆ ತೆಗೆದುಕೊಳ್ಳಿ. ತುಡಿತ ಎಲ್ಲಿ ಶುರುವಾಗುತ್ತದೆ ಅಂತ ಹಿಡಿಯುವುದು, ಆ ಕ್ಷಣಕ್ಕೆ ಟಿಕ್ ಬರಲಾಗದಂಥ ಇನ್ನೊಂದು ಸಣ್ಣ ಚಲನೆ ಮಾಡುವುದು, ಇದನ್ನು ಕಲಿಸುತ್ತಾರೆ. ಕತ್ತಿನ ಟಿಕ್ ಆದರೆ ಗದ್ದವನ್ನು ಸ್ವಲ್ಪ ಒಳಗೆಳೆದು ಕತ್ತನ್ನು ಮೆಲ್ಲಗೆ ಬಿಗಿ ಹಿಡಿಯುವುದು, ಒಂದು ನಿಮಿಷ ಅಥವಾ ತುಡಿತ ಇಳಿಯುವ ತನಕ. ಗಮನ ಕೊಟ್ಟರೆ ಟಿಕ್ ಹೆಚ್ಚುತ್ತದೆ ಅಂತ ಈಗಷ್ಟೇ ಹೇಳಿದಿರಲ್ಲ ಅಂತೀರಾ? ಹೆದರಿಕೊಂಡು ಕಾಯುವುದು ಬೇರೆ, ಏನು ಮಾಡಬೇಕು ಅಂತ ಗೊತ್ತಿದ್ದು ಗಮನಿಸುವುದು ಬೇರೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ವರ್ಷ ಮೇಲ್ಪಟ್ಟ 122 ಜನರಿಗೆ 10 ವಾರದಲ್ಲಿ 8 ಭೇಟಿ ಇಟ್ಟರು. ಈ ತರಬೇತಿ ಪಡೆದವರಲ್ಲಿ ಶೇ. 38ರಷ್ಟು ಜನ ಚೆನ್ನಾಗಿ ಸುಧಾರಿಸಿದರು. ಬರೀ ಧೈರ್ಯ, ತಿಳಿವಳಿಕೆ ಹೇಳಿಸಿಕೊಂಡವರಲ್ಲಿ ಶೇ. 6 ಮಾತ್ರ. ಎಲ್ಲರಿಗೂ ಫಲ ಕೊಡುವುದಿಲ್ಲ ಅನ್ನುವುದೂ ಅದೇ ಲೆಕ್ಕದಲ್ಲಿದೆ. ಬೇಕಾದವರಿಗೆ ಔಷಧಿಯೂ ಇದೆ.

ಆತಂಕಕ್ಕೆ ಪ್ರತ್ಯೇಕವಾಗಿ ಚಿಕಿತ್ಸೆ ಮಾಡಿಸಿ. ಟಿಕ್ ಪೂರ್ತಿ ಹೋಗದೇ ಇರಬಹುದು. ಆದರೆ ಹಿಂದಿನ ಕುರ್ಚಿಯಲ್ಲೇ ಕೂರುವುದು, ಕ್ಯಾಮೆರಾ ಆಫ್ ಮಾಡುವುದು, ಬಡ್ತಿಯ ಸಂದರ್ಶನ ತಪ್ಪಿಸಿಕೊಳ್ಳುವುದು ನಿಲ್ಲುತ್ತದೆ. ನಿಮ್ಮ ಬದುಕನ್ನು ಹೆಚ್ಚು ತಿಂದಿರುವುದು ಅದು, ಕತ್ತು ಅಲ್ಲ. ಜೊತೆ ಕೆಲಸ ಮಾಡುವವರಲ್ಲಿ ನಂಬಿಕೆ ಇರುವ ಒಬ್ಬರಿಗೆ ಮೊದಲು ಹೇಳಿ: ‘ನನಗೆ ಟಿಕ್ ಇದೆ, ಕತ್ತು ತಾನಾಗಿ ಅಲುಗುತ್ತೆ, ಮಾತು ನಿಲ್ಲಿಸಬೇಡಿ.’ ಎಲ್ಲರಿಗೂ ಹೇಳಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ. ಆಡಿಕೊಳ್ಳುವ ಮೇಲಧಿಕಾರಿಗಳನ್ನೂ ನೋಡಿದ್ದೇನೆ.

ಸಂಜೆ ಎರಡು ಪೆಗ್ ಹಾಕಿದರೆ ಕತ್ತು ಸುಮ್ಮನಿರುತ್ತದೆ ಅನ್ನುವ ದಾರಿ ಮಾತ್ರ ಹಿಡಿಯಬೇಡಿ. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹಾಗೆ ಶುರುಮಾಡಿ ಬಿಡಲಾಗದೆ ಬಂದವರನ್ನು ಕಂಡಿದ್ದೇನೆ.

ಪ್ರಶ್ನೆ: ಇದು ನರದೌರ್ಬಲ್ಯ ಅಂತ ಒಬ್ಬರು ಆರು ತಿಂಗಳಿಗೆ ಪುಡಿ ಕೊಟ್ಟಿದ್ದಾರೆ. ಹಳೆಯ ಮಾತ್ರೆ ನಿಲ್ಲಿಸಲೂ ಹೇಳಿದ್ದಾರೆ.

ಉತ್ತರ: ಪುಡಿ ನಿಲ್ಲಿಸಿ, ಮಾತ್ರೆಯನ್ನಲ್ಲ. ಟಿಕ್ ಇರುವವರ ನರ ದುರ್ಬಲವಾಗಿರುವುದಿಲ್ಲ. ಟಿಕ್ ತಾನಾಗಿಯೇ ಕೆಲವು ವಾರ ಏರಿ, ಕೆಲವು ವಾರ ಇಳಿಯುತ್ತದೆ. ಏರಿದಾಗ ಪುಡಿ ಕೊಟ್ಟವರು ಇಳಿದಾಗ ಹೆಸರು ತೆಗೆದುಕೊಳ್ಳುತ್ತಾರೆ. ನೀವು ತೆಗೆದುಕೊಳ್ಳುತ್ತಿರುವುದು ಕ್ಲೋನಿಡಿನ್ (ರಕ್ತದೊತ್ತಡಕ್ಕೂ ಟಿಕ್‌ಗೂ ಕೊಡುವ ಔಷಧಿ) ಆದರೆ, ಒಮ್ಮೆಲೇ ನಿಲ್ಲಿಸಿದಾಗ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಬರೆದುಕೊಟ್ಟ ಡಾಕ್ಟರನ್ನು ಇವತ್ತೇ ಕೇಳಿ.

ಪ್ರಶ್ನೆ: ಟುರೆಟ್ ಇರುವವರು ಕೆಟ್ಟ ಮಾತು ಕೂಗುತ್ತಾರಂತೆ, ಹೌದಾ?

ಉತ್ತರ: ಟುರೆಟ್ ಅಂದರೆ ಚಲನೆಯ ಟಿಕ್‌ಗಳ ಜೊತೆಗೆ ಸದ್ದಿನ ಟಿಕ್ ಕೂಡ ವರ್ಷ ಮೀರಿ ಇರುವುದು. ಕೆಟ್ಟ ಮಾತು ಬರುವುದು ಅವರಲ್ಲಿ ಹತ್ತರಲ್ಲಿ ಒಬ್ಬರಿಗೋ, ಸ್ವಲ್ಪ ಹೆಚ್ಚೋ, ಅಷ್ಟೇ, ಅವರೂ ಬೇಕಂತ ಕೂಗುವುದಿಲ್ಲ.

ಪ್ರಶ್ನೆ: ನನಗೆ 41. ಚಿಕ್ಕಂದಿನಲ್ಲಿ ಏನೂ ಇರಲಿಲ್ಲ. ಹೋದ ವಾರದಿಂದ ಕೈ, ತಲೆ ಜೋರಾಗಿ ಎಗರುತ್ತಿವೆ.

ಉತ್ತರ: ಪತ್ರದಲ್ಲಿ ಉತ್ತರಿಸುವ ವಿಷಯ ಅಲ್ಲ ಇದು. ತಡ ಮಾಡದೆ ನರರೋಗ ತಜ್ಞರನ್ನು ನೋಡಿ. ಈಚೆಗೆ ಶುರುಮಾಡಿದ ಎಲ್ಲ ಔಷಧಿಗಳನ್ನೂ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಭುಜದ ಟಿಕ್. ಬಂದಾಗಲೆಲ್ಲ ‘ನೋಡಿ, ಮತ್ತೆ ಶುರುವಾಯ್ತು’ ಅಂತ ನೆನಪಿಸುತ್ತೇನೆ. ಸರೀನಾ?

ಉತ್ತರ: ಬೇಡಮ್ಮ. ನಿಮ್ಮದು ಕಾಳಜಿ, ಗೊತ್ತು. ಆದರೆ ಅವರಿಗೆ ಅದು ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ. ಭುಜ ಎಗರಿದಾಗ ನೀವು ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಡದೆ ಮುಂದುವರಿಸಿ.